ತಿಪ್ಪೆಗೆ ಬಳಿದ ಹಸಿರು

ನಮ್ಮ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಜವಾನನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವಳು ನಕ್ಷೆ ಅಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ನಗರ ಯೋಜನಾ ಕಚೇರಿಗೆ ಬಂದಾಗ ಕೈಯಲ್ಲಿ ಶಾಯಿ ಪೆನ್ನು, ಮುಂದೆ ಓರೆ ಮೇಜು. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು, ಉಫ್ ಎಂದು ಊದಿ, ಮತ್ತೆ ಎಳೆಯಬೇಕಿತ್ತು. ಕಂಪ್ಯೂಟರ್ ಬಂದಾಗ ಅವಳಿಗೆ ನಲವತ್ತು ದಾಟಿತ್ತು. ಜೊತೆಯವರೆಲ್ಲ "ಇದು ನಮ್ಮ ಹಣೇಲಿ ಬರೆದಿಲ್ಲ ಬಿಡ್ರಪ್ಪ" ಎಂದು ಕೈಚೆಲ್ಲಿದರು. ಅಕ್ಕ ಮಾತ್ರ ಮೂರು ತಿಂಗಳ ತರಬೇತಿಗೆ ಹೋಗಿ, ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಕಲಿತು ಬಂದಳು. ಆಮೇಲೆ ಇಡೀ ಊರು ಅವಳ ಪರದೆಯೊಳಗೆ ಬಂದು ಕೂತಿತು. ಯಾವ ಓಣಿಯಲ್ಲಿ ಚರಂಡಿ ಎತ್ತ ಹರಿಯುತ್ತದೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುವಳು.

ನಾನು ಅವಳ ಪಕ್ಕದ ಮೇಜಿನವನು. ಅವಳ ನಕ್ಷೆಗಳಿಗೆ ಕೋಷ್ಟಕ ಜೋಡಿಸಿ ವರದಿ ಬೆರಳಚ್ಚು ಮಾಡುವುದು ನನ್ನ ಕೆಲಸ. ಆದ್ದರಿಂದ ಈ ಕತೆಯಲ್ಲಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆದದ್ದು. ಸ್ವಲ್ಪ ನನ್ನ ಕೈಯಿಂದಲೂ.

ಆ ವರ್ಷ ಹೊಳೆ ಮೂರನೇ ಸಲ ದಂಡೆಯ ಗುಡಿಸಲುಗಳಿಗೆ ನುಗ್ಗಿತ್ತು. ಅಲ್ಲಿದ್ದ ನಾನೂರು ಕುಟುಂಬಗಳಿಗೆ ಬೇರೆ ಕಡೆ ಮನೆ ಕಟ್ಟಿಸಿಕೊಡಬೇಕೆಂದು ತೀರ್ಮಾನವಾಯಿತು. ಎಲ್ಲಿ ಕಟ್ಟುವುದು ಎಂದು ಹುಡುಕುವ ಕೆಲಸ ಅಕ್ಕನಿಗೆ ಬಂತು. ಆ ನಾನೂರರಲ್ಲಿ ಅಕ್ಕನ ನಾದಿನಿಯದೂ ಒಂದು ಗುಡಿಸಲು. ಗಂಡನ ತಂಗಿ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು, ಮೂರು ಹೆಣ್ಣುಮಕ್ಕಳ ತಾಯಿ.

ಕೆಲಸದ ರೀತಿಯನ್ನು ಅಕ್ಕ ನನಗೆ ಹೀಗೆ ಬಿಡಿಸಿ ಹೇಳಿದ್ದಳು. ಊರನ್ನೆಲ್ಲ ಚಿಕ್ಕ ಚಿಕ್ಕ ಚೌಕ ಮಾಡುವುದು. ಒಂದೊಂದು ಚೌಕಕ್ಕೂ ಆರು ಪ್ರಶ್ನೆ ಕೇಳುವುದು: ನೆಲ ಎಷ್ಟು ಇಳಿಜಾರು, ರಸ್ತೆ ಎಷ್ಟು ಹತ್ತಿರ, ಕುಡಿಯುವ ನೀರು ಹತ್ತಿರವೇ, ಶಾಲೆ ಆಸ್ಪತ್ರೆ ಎಷ್ಟು ದೂರ, ಪ್ರವಾಹ ಬರುತ್ತದೆಯೇ, ಕಸದ ಗುಡ್ಡೆಯಿಂದ ಎಷ್ಟು ದೂರ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಆಮೇಲೆ ಯಾವ ಪ್ರಶ್ನೆ ಎಷ್ಟು ಮುಖ್ಯ ಎಂದು ನೂರರಲ್ಲಿ ತೂಕ ಹಂಚಿ, ಅಂಕಕ್ಕೆ ತೂಕ ಗುಣಿಸಿ ಕೂಡಿಸುವುದು. ಹೆಚ್ಚು ಬಂದ ಚೌಕ ಹಸಿರು, ಕಡಿಮೆ ಬಂದದ್ದು ಕೆಂಪು.

"ಬದನೆಕಾಯಿ ಆರಿಸೋ ಹಾಗೇ ಕಣೋ," ಎಂದಿದ್ದಳು. "ಬಣ್ಣ ನೋಡು, ತೊಟ್ಟು ನೋಡು, ಸ್ವಲ್ಪ ಸೊಟ್ಟಗಿದ್ರೂ ತಗೋ. ಹುಳುಕಿದ್ರೆ ಮಾತ್ರ ಮುಟ್ಬೇಡ."

ಮೊದಲ ನಕ್ಷೆಯಲ್ಲಿ ಎರಡು ಜಾಗ ಹಸಿರಾಗಿ ಬಂದವು. ಒಂದು, ಅಧಿಕಾರಿಗಳ ಬಂಗಲೆಗಳ ಹಿಂದಿನ ದಿಣ್ಣೆ. ಇನ್ನೊಂದು, ಮುಚ್ಚಿಹೋದ ಹಳೆ ಗಿರಣಿಯ ಬಯಲು. ಹೆದ್ದಾರಿ ಪಕ್ಕದ ತಗ್ಗು, ಅಂದರೆ ಊರಿನ ಕಸದ ಗುಡ್ಡೆಗೆ ಅಂಟಿಕೊಂಡ ಜಾಗ, ಕೆಂಪಗೆ ಹುಣ್ಣಿನ ಹಾಗೆ ಕಾಣುತ್ತಿತ್ತು.

ದೊಡ್ಡ ಸಾಹೇಬರು ನಕ್ಷೆ ನೋಡಿ ಬೆರಳನ್ನು ಸೀದಾ ಆ ಹುಣ್ಣಿನ ಮೇಲಿಟ್ಟರು.

"ಇದು ಯಾಕೆ ಕೆಂಪು?"

"ಕಸದ ಗುಡ್ಡೆ ಪಕ್ಕದಲ್ಲೇ ಇದೆ ಸಾರ್."

"ಇನ್ನೊಂದು ವರ್ಷಕ್ಕೆ ಅದನ್ನ ಮುಚ್ತೀವಿ. ಈ ತೂಕ ಎಲ್ಲ ಯಾರು ಹಾಕಿದ್ದು? ನೀವೇ ತಾನೆ? ನಿಮ್ಮ ಅಭಿಪ್ರಾಯ ಅಷ್ಟೆ. ಕಸಕ್ಕೆ ಹದಿನೈದು ಜಾಸ್ತಿ ಆಯ್ತು. ಎರಡು ಹಾಕಿ. ಉಳಿದ ಹದಿಮೂರು ರಸ್ತೆಗೆ ಕೊಡಿ. ಹೆದ್ದಾರಿ ಪಕ್ಕದಲ್ಲೇ ಮನೆ ಅಂದ್ರೆ ಪುಣ್ಯ ಮಾಡಿರ್ಬೇಕು."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಅದೇ ತಗ್ಗಿನ ಹೆಸರು ಕೆತ್ತಿಸಿ, ಗೋದಾಮಿನಲ್ಲಿ ಗೋಣಿ ಹೊದಿಸಿ ಇಟ್ಟಾಗಿತ್ತು. ನಕ್ಷೆಯೊಂದು ಬರಬೇಕಿತ್ತು, ಅಷ್ಟೆ.

ಅಕ್ಕ ತೂಕ ಬದಲಿಸಿದಳು. ಇದನ್ನು ಮುಚ್ಚಿಡಲಾರೆ. ಅಂಕ ತಿದ್ದಿದರೆ ಸುಳ್ಳು, ತೂಕ ತಿದ್ದಿದರೆ ಅಭಿಪ್ರಾಯ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡು ಬದಲಿಸಿದಳು. ಒಂದು ಗುಂಡಿ ಒತ್ತಿದ್ದಕ್ಕೆ ಕೆಂಪು ಹಳದಿಯಾಯಿತು, ಹಳದಿ ಹಸಿರಾಯಿತು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿಟ್ಟಳು.

ಮರುದಿನ ನಾದಿನಿ ಕಚೇರಿಗೇ ಬಂದುಬಿಟ್ಟಳು. ಸೋಪಿನ ಪುಡಿಗೆ ಸುಲಿದ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ, "ಅತ್ತಿಗೆ, ನಮ್ಗೆ ಎಲ್ಲಿ ಕೊಡ್ತಾರಂತೆ? ಜಾಗ ಚೆನ್ನಾಗಿದ್ಯಾ?" ಎಂದು ಕೇಳಿದಳು. "ನೋಡ್ಕೊಂಡು ಬಂದು ಹೇಳ್ತೀನಿ," ಎಂದಳು ಅಕ್ಕ. ಆ ಜಾಗವನ್ನು ಅವಳು ಹದಿನೈದು ವರ್ಷದಿಂದ ಪರದೆಯ ಮೇಲೆ ಮಾತ್ರ ಕಂಡಿದ್ದಳು.

ಅದೇ ವಾರ ಸರ್ವೇಯರನನ್ನು ಕರೆದುಕೊಂಡು ಹೊರಟಳು. ಅವನನ್ನು ಎಲ್ಲರೂ ಸರಪಳಿ ಎನ್ನುತ್ತಿದ್ದರು. ಸರಪಳಿ ಹಿಡಿದು ನೆಲ ಅಳೆಯುತ್ತಿದ್ದ ಕಾಲದ ಮನುಷ್ಯ. ನಾನೂ ಹೋದೆ.

ಬಸ್ಸಿಳಿಯುವಾಗಲೇ ಗಂಟಲಿಗೆ ಏನೋ ಅಂಟಿದ ಹಾಗಾಯಿತು. ಕೊಳೆತ ಮೊಟ್ಟೆ, ಸುಟ್ಟ ರಬ್ಬರ್, ಹಳಸಿದ ಹಾಲು ಎಲ್ಲ ಸೇರಿದ ವಾಸನೆ. ನೊಣಗಳು ತುಟಿಯ ಮೇಲೆ ಕೂರುತ್ತಿದ್ದವು, ಮಾತಾಡಲು ಬಾಯಿ ತೆರೆಯುವ ಹಾಗಿರಲಿಲ್ಲ. ತಗ್ಗಿನ ನೆಲ ಮಾತ್ರ ನೋಡಲು ನೀಟಾಗಿತ್ತು. ಹೊಸ ಕೆಮ್ಮಣ್ಣು ಹಾಸಿ ರೋಲರ್ ಓಡಿಸಿದ್ದರು. ಅಕ್ಕ ನಾಲ್ಕು ಹೆಜ್ಜೆ ನಡೆದಳು. ನೆಲ ಹಾಸಿಗೆಯ ಹಾಗೆ ಒತ್ತಿ, ಮತ್ತೆ ಮೇಲೆದ್ದಿತು.

ಸರಪಳಿ ಹಾರೆ ತೆಗೆದು ಒಂದೇಟು ಹಾಕಿದ. ಹಾರೆ ಮೊಳದುದ್ದ ಸಲೀಸಾಗಿ ಇಳಿಯಿತು. ಎತ್ತಿದಾಗ ಅದರ ತುದಿಗೆ ಕೂದಲಿನ ಉಂಡೆ, ಪ್ಲಾಸ್ಟಿಕ್ ಚೀಲ, ಬಳಸಿ ಬಿಸಾಡಿದ ಮಗುವಿನ ಚಡ್ಡಿ ಒಂದಕ್ಕೊಂದು ಹೆಣೆದುಕೊಂಡು ಬಂದವು. ತೂತಿನಲ್ಲಿ ಕಪ್ಪು ನೀರು ಜಿನುಗಿ, ಮೇಲೆ ಎಣ್ಣೆಯ ಪೊರೆ ಕಟ್ಟಿ, ಬುಳುಬುಳು ಗುಳ್ಳೆ ಬಿಟ್ಟಿತು. ಇನ್ನೊಂದು ಕಡೆ ಅಗೆದ. ಔಷಧಿಯ ಬಾಟಲಿಗಳು, ಸೂಜಿಗಳು. ಮೂರನೇ ಕಡೆಯೂ ಅದೇ.

"ಇದು ಕಸದ ಪಕ್ಕದ ಜಾಗ ಅಲ್ಲ ಅಕ್ಕ," ಎಂದ ಸರಪಳಿ. "ಇದೇ ಕಸ. ಮೇಲೆ ಮಣ್ಣು ಬಳಿದಿದ್ದಾರೆ."

ಅಕ್ಕ ದೂರ ಹೋಗಿ, ಬಗ್ಗಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು. ಎರಡು ಸಲ ತಲೆಗೆ ಸ್ನಾನ ಮಾಡಿದರೂ ಜಡೆಯಿಂದ ವಾಸನೆ ಹೋಗಲಿಲ್ಲ ಎಂದು ಮರುದಿನ ಹೇಳಿದಳು.

ಬಂದವಳೇ ನಕ್ಷೆಗೆ ಏಳನೇ ಪ್ರಶ್ನೆಯಾಗಿ ಹೊಸ ಪದರವೊಂದನ್ನು ಸೇರಿಸಿದಳು: ನೆಲದಡಿ ಕಸ ಇದೆಯೇ, ಇದ್ದರೆ ಆ ಚೌಕವೇ ಬೇಡ. ಕಸಕ್ಕೆ ಮತ್ತೆ ಹದಿನೈದು ತೂಕ ಕೊಟ್ಟಳು. ತಗ್ಗು ಪೂರ್ತಿ ಲೆಕ್ಕದಿಂದಲೇ ಹೊರಬಿತ್ತು. ಆ ನಕ್ಷೆ ಹಿಡಿದು ಸಾಹೇಬರ ಕೋಣೆಗೆ ಹೋದಳು, ಕೋಷ್ಟಕ ಹಿಡಿದು ನಾನು ಹಿಂದೆ.

"ಮಣ್ಣು ಮುಚ್ಚಿದ್ಮೇಲೆ ಅದು ನೆಲ ಕಣಮ್ಮ," ಎಂದರು ಸಾಹೇಬರು, ಹಲ್ಲುಕಡ್ಡಿ ಆಡಿಸುತ್ತ.

"ಬಂಗಲೆ ಹಿಂದಿನ ದಿಣ್ಣೆ ಖಾಲಿ ಬಿದ್ದಿದೆ ಸಾರ್. ನೀರಿದೆ, ಶಾಲೆ ಇದೆ. ಎಲ್ಲದರಲ್ಲೂ ಅದೇ ಮುಂದೆ."

ಸಾಹೇಬರು ನಕ್ಕರು. "ಅಲ್ಲಿಗಾ? ಅಲ್ಲಿರೋರಿಗೆ ಇವರ ವಾಸನೆ ಆಗೋಲ್ಲ."

ಅಕ್ಕನ ಮುಖ ನೋಡಿದೆ. ಕಸದ ಗುಂಡಿಯ ಮುಂದೆಯೂ ಆ ಮುಖ ಹಾಗಾಗಿರಲಿಲ್ಲ. ಅಂಗಾಲಿಗೆ ಮೆತ್ತಿದ ಏನನ್ನೋ ನೋಡುವ ಹಾಗೆ ಸಾಹೇಬರನ್ನು ನೋಡಿದಳು.

"ತಗ್ಗು ಹಸಿರು ಮಾಡಿದ ನಕ್ಷೆ ಮತ್ತೆ ಈ ಕೈಯಿಂದ ಆಗಲ್ಲ ಸಾರ್," ಎಂದು ಹೊರಗೆ ಬಂದಳು.

ಸಾಹೇಬರು ನನ್ನ ಕಡೆ ತಿರುಗಿದರು. "ನಿನಗೆ ಬರುತ್ತಲ್ಲ?"

ಬರುತ್ತಿತ್ತು. ಪಕ್ಕದಲ್ಲಿ ಕೂತು ಏಳು ವರ್ಷ ನೋಡಿದ್ದೆ. ಅಕ್ಕ ಮನೆಗೆ ಹೋದ ಮೇಲೆ ಅವಳ ಕುರ್ಚಿಯಲ್ಲಿ ಕೂತು, ಹೊಸ ಪದರ ಅಳಿಸಿ, ಹದಿನೈದನ್ನು ಎರಡು ಮಾಡಿ, ಮುದ್ರಿಸಿ ಕೊಟ್ಟೆ. ಹತ್ತು ನಿಮಿಷದ ಕೆಲಸ. ವರ್ಗಾವಣೆಯ ಹೆದರಿಕೆ, ಹೊಸದಾಗಿ ಹುಟ್ಟಿದ ಮಗಳು ಎಂದೆಲ್ಲ ಕಾರಣ ಹೇಳಬಲ್ಲೆ. ಹೇಳಿದರೆ ನನಗೇ ಅಸಹ್ಯ.

ಸಾರ್ವಜನಿಕ ಸಭೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಗೋಡೆಯ ಮೇಲೆ ನನ್ನ ಹಸಿರು ನಕ್ಷೆ. ಸಾಹೇಬರು "ವೈಜ್ಞಾನಿಕ ವಿಧಾನದಿಂದ ಆರಿಸಿದ ಜಾಗ" ಎನ್ನುವಾಗ ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ಯಾರಪ್ಪಣೆಗೂ ಕಾಯದೆ, ಕಸಕ್ಕೆ ನೂರಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ, ಮೊದಲು ಎಷ್ಟಿತ್ತು, ಮಣ್ಣಿನಡಿ ಏನು ಸಿಕ್ಕಿತು ಎಂದು ಒಂದೊಂದಾಗಿ ಹೇಳಿದಳು. ಮೊದಲ ಸಲ ಎರಡು ಮಾಡಿದ್ದು ತಾನೇ ಎಂಬುದನ್ನೂ ಹೇಳಿದಳು.

ಜನ ಸಾಹೇಬರ ಮೇಲೆ ತಿರುಗಿಬೀಳುತ್ತಾರೆಂದು ನಾನು ಕಾದಿದ್ದೆ. ಅವರು ತಿರುಗಿಬಿದ್ದದ್ದು ಅಕ್ಕನ ಮೇಲೆ.

"ಮತ್ತೆ ನಾವು ಎಲ್ಲಿಗೆ ಹೋಗೋದಮ್ಮಾ? ಮತ್ತೆ ಹೊಳೆಗಾ?" ಎಂದು ಮುದುಕಿಯೊಬ್ಬಳು ಕೂಗಿದಳು. "ನಿಮ್ಗೇನು, ಮನೆ ಇದೆ!" ಎಂದ ಇನ್ನೊಬ್ಬ. ಕೊನೆಗೆ ನಾದಿನಿಯೇ ಎದ್ದು ನಿಂತಳು. "ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನೆ ಕೂತ್ಕೊ. ಬಾಯಿಗೆ ಬಂದ ತುತ್ತು ಕಸೀಬೇಡ."

ಅಕ್ಕ ಕೂತಳು. ಸಾಹೇಬರು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಮುಂದುವರಿಸಿದರು.

ಒಂದು ತಿಂಗಳಲ್ಲಿ ಅಕ್ಕನನ್ನು ಕೆಳಮಹಡಿಯ ಹಳೆ ದಾಖಲೆಗಳ ಕೋಣೆಗೆ ಹಾಕಿದರು. ಒಂದೂವರೆ ವರ್ಷದಲ್ಲಿ ಮನೆಗಳಾದವು, ಜನ ಸೇರಿಕೊಂಡರು. ಕಸದ ಗುಡ್ಡೆ ಮುಚ್ಚಲಿಲ್ಲ. ಮೊದಲ ಮಳೆಗೆ ನೆಲ ಕುಸಿಯತೊಡಗಿತು. ಅಡುಗೆಮನೆಯ ಮೂಲೆಗಳಲ್ಲಿ ಕಪ್ಪು ನೀರು ಒಸರಿತು. ಗೋಡೆಗಳು ಬಾಯಿಬಿಟ್ಟವು. ಅಕ್ಕ ಪ್ರತಿ ಭಾನುವಾರ ಸರಪಳಿಯ ಜೊತೆ ಹೋಗಿ, ಅಳತೆಪಟ್ಟಿ ಹಿಡಿದು, ಮನೆಮನೆಯ ಬಿರುಕು ಅಳೆದು ಬರೆದುಕೊಂಡಳು. ಎರಡು ಅರ್ಜಿ ಬರೆದಳು. ಎರಡಕ್ಕೂ ಉತ್ತರವಿಲ್ಲ.

ಅಷ್ಟು ದಿನ ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ನಾನು ಒಂದು ಮಧ್ಯಾಹ್ನ ಆ ಕೋಣೆಗೆ ಇಳಿದೆ. ಇಲಿ ಹಿಕ್ಕೆಯ ನಡುವೆ ಕೂತು ಅವಳು ಕಡತಕ್ಕೆ ದಾರ ಕಟ್ಟುತ್ತಿದ್ದಳು.

"ತಪ್ಪಾಯ್ತು ಅಕ್ಕ."

ತಲೆ ಎತ್ತಲಿಲ್ಲ. "ನನ್ನ ಹತ್ರ ಯಾಕೆ ಹೇಳ್ತೀಯ? ಬರೆದು ಕೊಡು."

ಬರೆದೆ. ಯಾರ ಮಾತಿನಂತೆ ಯಾವ ಪದರ ಅಳಿಸಿದೆ, ಯಾವ ತೂಕ ಎಷ್ಟಕ್ಕೆ ಇಳಿಸಿದೆ ಎಂದು ಬರೆದು ಸಹಿ ಹಾಕಿ ಮೂರನೇ ಅರ್ಜಿಯ ಜೊತೆ ಇಟ್ಟೆ. ಅದು ಮೇಲಿನ ಕಚೇರಿಗೆ ಹೋಗಿ, ಹೊರಗಿನ ಎಂಜಿನಿಯರೊಬ್ಬರು ಬಂದು ನೆಲ ಕೊರೆದು ನೋಡಿದರು. ತೀರಾ ಕೆಳಗಿನ ಎರಡು ಸಾಲು, ಮೂವತ್ತು ಮನೆ, ವಾಸಕ್ಕೆ ತಕ್ಕದ್ದಲ್ಲ ಎಂದು ಬರೆದರು. ಆ ಮೂವತ್ತು ಕುಟುಂಬಗಳಿಗೆ ಗಿರಣಿ ಬಯಲಿನಲ್ಲಿ ಜಾಗ ಸಿಕ್ಕಿತು. ಉಳಿದವರು ಅಲ್ಲೇ. ನನ್ನ ಬಡ್ತಿ ನಿಂತಿತು, ಸಾಹೇಬರದು ನಿಲ್ಲಲಿಲ್ಲ. ಅವರು ಇನ್ನೂ ದೊಡ್ಡ ಊರಿನ ಇನ್ನೂ ದೊಡ್ಡ ಸಾಹೇಬರಾದರು.

ನಾದಿನಿಯ ಮನೆ ಮೂರನೇ ಸಾಲಿನಲ್ಲಿತ್ತು. ಹದಿನೆಂಟು ಅಡಿ ಅಂತರದಲ್ಲಿ ತಪ್ಪಿಹೋಯಿತು.

ಕಳೆದ ಭಾನುವಾರ ಅಕ್ಕನ ಜೊತೆ ಅಲ್ಲಿಗೆ ಹೋಗಿದ್ದೆ. ಕಿಟಕಿಗಳಿಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ನಡುಹಗಲಲ್ಲೂ ದೀಪ. ಗೋಡೆಯ ಬಿರುಕಿಗೆ ಹಳೆ ಬಟ್ಟೆ ತುರುಕಿದ್ದರು, ಅದೂ ಕಪ್ಪಾಗಿತ್ತು. ಚಿಕ್ಕ ಹುಡುಗಿ ಮೊಣಕೈಯ ಹುಣ್ಣು ಕೆರೆಯುತ್ತ ಕೂತಿದ್ದಳು. ನಾದಿನಿ ಟೀ ತಂದು, ನೊಣ ಬೀಳದಂತೆ ಲೋಟದ ಮೇಲೆ ಅಂಗೈ ಮುಚ್ಚಿ ಕೊಟ್ಟಳು.

"ವಾಸನೆ ಅಭ್ಯಾಸ ಆಗೋಯ್ತು ಅತ್ತಿಗೆ," ಎಂದಳು. "ಈಗ ಬರೋದೇ ಇಲ್ಲ."

ಅಕ್ಕ ಟೀಯನ್ನು ತಳದವರೆಗೂ ಕುಡಿದಳು. ಮಗುವಿನ ಮೊಣಕೈ ನೋಡಿದಳು, ಬಿರುಕಿಗೆ ಅಳತೆಪಟ್ಟಿ ಇಟ್ಟು ಬರೆದುಕೊಂಡಳು. ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿ, ಹೆದ್ದಾರಿಯ ಅಂಚಿನಲ್ಲಿ ನಿಂತು, ನಾಲ್ಕು ಜನ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಥೂ ಎಂದು ಉಗಿದಳು.

"ಅಭ್ಯಾಸ ಆಯ್ತಂತೆ," ಎಂದಳು. "ಕೇಳಿಸ್ಕೊಂಡ್ಯಾ? ಅಭ್ಯಾಸ ಮಾಡಿಸಿಬಿಟ್ವಿ."