ಬೆಲ್ ಆದರೆ ಮಂಚದಡಿಗೆ

ಗೆಳೆಯರೇ, ನೌಪಾಡಾದ ನಮ್ಮ ಬಾಡಿಗೆ ಮನೆಯಲ್ಲಿ ಬೆಕ್ಕು ಸಾಕುವಂತಿಲ್ಲ. ಹಾಗಾಗಿ ಬೆಲ್ ಆದೊಡನೆ ಮಂಚದಡಿ ಅಡಗುವುದನ್ನು ನಮ್ಮ ಬೆಕ್ಕು ಚಿಂಗಿಗೆ ಕಲಿಸಿದ್ದೆ. ಅಡಗಿದರೆ ಒಂದು ಒಣ ಸೀಗಡಿ ಕೂಲಿ.

ಮೊನ್ನೆ ಬೆಳಿಗ್ಗೆ ಮನೆ ಮಾಲೀಕರಾದ ಶೆಟ್ಟರು ಹೊಸ ಅಗ್ರಿಮೆಂಟ್ ಹಿಡಿದು ಬಂದರು. ಬೆಲ್ ಆಯಿತು, ಚಿಂಗಿ ಮಾಯವಾದಳು. ಶೆಟ್ಟರು ಪೆನ್ನು ತೆಗೆಯುವಷ್ಟರಲ್ಲಿ ಮಂಚದಡಿಯಿಂದ ಕೂಲಿಯ ತಗಾದೆ ಶುರುವಾಯಿತು.

“ಎಂತ ಅದು ಶಬ್ದ?”

“ನನ್ನ ಮೊಬೈಲು, ಶೆಟ್ರೆ. ಮಗಳು ರಿಂಗ್‌ಟೋನ್ ಬದಲಾಯಿಸಿದ್ದಾಳೆ.”

ಕಾದು ಸಾಕಾದ ಚಿಂಗಿ ಹೊರಗೆ ಬಂದು ನೇರವಾಗಿ ಅವರ ಮೊಣಕಾಲಿನ ಮೇಲೆ ಪಂಜ ಇಟ್ಟಳು.

“ನಿಮ್ಮ ರಿಂಗ್‌ಟೋನಿಗೆ ಬಾಲ ಉಂಟಲ್ಲ, ಮಾರಾಯ್ರೆ.”

ನಿಜ ಹೇಳಿ ಚಿಂಗಿಗೆ ಸೀಗಡಿ ಕೊಟ್ಟೆ. ಶೆಟ್ಟರು ನಗಲಿಲ್ಲ. “ನೋಡುವ, ಇನ್ನೊಮ್ಮೆ ಬರ್ತೇನೆ” ಎಂದು ಸಹಿ ಹಾಕದೆ ಎದ್ದರು. ಬಾಗಿಲಾಚೆ ನಿಂತು ತಾವೇ ಒಮ್ಮೆ ಬೆಲ್ ಒತ್ತಿದರು. ಚಿಂಗಿ ಪುನಃ ಮಂಚದಡಿಗೆ ಓಡಿದಳು.

“ಕೆಲಸ ಸರಿಯಾಗಿಯೇ ಮಾಡ್ತದೆ” ಎಂದು ಮೆಟ್ಟಿಲಿಳಿದರು.

ಆಗಿನಿಂದ ಹಾಲಿನವರದೋ ಇಸ್ತ್ರಿಯವರದೋ, ಯಾರ ಬೆಲ್ ಆದರೂ ನನಗೇ ಮಂಚದಡಿ ನುಗ್ಗಬೇಕೆನಿಸುತ್ತಿದೆ. ಅಲ್ಲಿ ಚಿಂಗಿ ಮೊದಲೇ ಜಾಗ ಹಿಡಿದಿರುತ್ತಾಳೆ.