ಫೋನೆತ್ತದ ಸಂಪಾದಕರು

ಪತ್ರಿಕೆಯೆಂಬುದು ಪ್ರಜಾಪ್ರಭುತ್ವದ ನಾಲ್ಕನೆಯ ಕಂಬ ಎಂದು ಬಲ್ಲವರು ಗಂಭೀರವಾಗಿ ಹೇಳುತ್ತಾರೆ. ಶಿಡ್ಲಘಟ್ಟದಲ್ಲಿ ಆ ಕಂಬ ಟೈಲರ್ ಅಂಗಡಿಯೊಂದರ ಮಹಡಿಯಲ್ಲಿ ಬನಿಯನ್ ಹಾಕಿಕೊಂಡು ಕೂತು, ರಬ್ಬರ್ ಬ್ಯಾಂಡ್ ಸುತ್ತಿದ ಮೊಬೈಲನ್ನು ದಿಟ್ಟಿಸುತ್ತಿತ್ತು. ಫೋನು ಹೊಡೆದುಕೊಳ್ಳುತ್ತಿತ್ತು, ಕಂಬ ಎತ್ತುತ್ತಿರಲಿಲ್ಲ.

ಹೆಸರು ವೆಂಕಟರಾಯಪ್ಪ. ನಾಲ್ಕು ಪುಟದ ವಾರಪತ್ರಿಕೆಗೆ ಅವರೇ ಸಂಪಾದಕರು, ಅವರೇ ವರದಿಗಾರರು, ಸೈಕಲ್ಲಿನ ಮೇಲೆ ಹಂಚುವವರೂ ಅವರೇ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಮಿಕ್ಕ ಹೊತ್ತಿನಲ್ಲಿ ಅವರ ಪ್ರೂಫು ತಿದ್ದುತ್ತಿದ್ದೆ. ನಾನು ತಿದ್ದಿದ್ದನ್ನು ಅವರು ಮತ್ತೆ ತಿದ್ದುತ್ತಿದ್ದರು.

“ನಿಮ್ಮ ಕನ್ನಡ ಭಾರಿ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ರೇಷ್ಮೆಗೂಡು ಮಾರಕ್ಕೆ ಬಂದೋನು ನಿಂತ್ಕೊಂಡು ಓದ್ತಾನಪ್ಪ, ಕೂತ್ಕೊಂಡಲ್ಲ.”

ಅವರ ಬದುಕಿನೊಳಕ್ಕೆ ಆಫ್ರಿಕಾ ಬಂದದ್ದು ಹೆಂಡತಿಯ ತಮ್ಮನ ಮೂಲಕ. ಪೆರೇಸಂದ್ರದ ಆ ಮನುಷ್ಯ ಬೋರ್‌ವೆಲ್ ಲಾರಿಯವರ ಜೊತೆ ಕೀನ್ಯಾಕ್ಕೆ ಹೋಗಿ ಅಲ್ಲಿಯ ನೆಲ ಕೊರೆಯುತ್ತಿದ್ದ. ನಮ್ಮ ಕಡೆ ಕೊರೆಯಲು ಜಾಗ ಉಳಿದಿರಲಿಲ್ಲ. ರಜೆಗೆ ಬಂದವನು ನನ್ನೆದುರೇ ಹೇಳಿದ: “ಬಾವಾ, ಅಲ್ಲಿ ಪೇಪರ್ ಹೋಗದ ಹಳ್ಳಿಗೂ ಮೊಬೈಲ್ ಹೋಗ್ತದೆ. ನಿಮ್ಮೂರಲ್ಲಿ ಏನಾಯ್ತು ಮೆಸೇಜ್ ಕಳಿಸ್ರಿ ಅಂತಾರೆ ರೇಡಿಯೋದೋರು. ಜನ ಕಳಿಸ್ತಾರೆ, ಅದನ್ನೇ ಓದಿ ಹೇಳ್ತಾರೆ. ಕರೆನ್ಸಿ ಇಲ್ದೋರು ಒಂದ್ ರಿಂಗ್ ಕೊಟ್ಟು ಕಟ್ ಮಾಡ್ತಾರೆ.”

“ಒಂದೇ ರಿಂಗಾ?”

“ಅಷ್ಟೇ. ನಮ್ ಮಿಸ್ಡ್ ಕಾಲೇ ಬಾವಾ.”

ಅಂದಿನಿಂದ ವೆಂಕಟರಾಯಪ್ಪನವರು ಕೀನ್ಯಾವನ್ನು ಪಕ್ಕದೂರು ಚಿಂತಾಮಣಿಯಷ್ಟೇ ಸಲಿಗೆಯಿಂದ ಉದಾಹರಿಸತೊಡಗಿದರು. “ಅಲ್ಲಿ ಆಗ್ತದೆ ಅಂದ್ರೆ ಇಲ್ಲಿ ಯಾಕಾಗಲ್ಲ?” ಎಂದು ಗೂಡಿನ ಮಾರುಕಟ್ಟೆಯ ಅಂದಂದಿನ ಧಾರಣೆಯನ್ನು ಓದುಗರ ಮೊಬೈಲಿಗೆ ಕಳಿಸಿದರು. ಆ ಫೋನುಗಳಿಗೆ ಕನ್ನಡ ಬಾರದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯಬೇಕು. ಸಂಜೆಯ ಹೊತ್ತಿಗೆ ಅರ್ಧ ಮಾರುಕಟ್ಟೆ ಟೈಲರನ ಮೆಟ್ಟಿಲ ಮೇಲಿತ್ತು. “ಅಣ್ಣಾ, ನಿಮ್ ಪೇಪರ್ ಬಂದೈತೆ, ಸ್ವಲ್ಪ ಓದಿ ಹೇಳಿ” ಎಂದು ಫೋನು ಚಾಚುತ್ತಿದ್ದರು. ಡಿಜಿಟಲ್ ಯುಗದ ಮೊದಲ ಸಂಚಿಕೆಯನ್ನು ಸಂಪಾದಕರೇ ಬಾಯಾರೆ ಓದಿ ಮುಗಿಸಿದರು.

ಆಮೇಲೆ ಬಂತು ನೀರಿನ ಪ್ರಕರಣ. ನಾರಾಯಣಸ್ವಾಮಿ ಎಂಬ ಗುತ್ತಿಗೆದಾರ ಕುಡಿಯುವ ನೀರಿನ ಪೈಪನ್ನು ಚರಂಡಿಯೊಳಗೇ ಮಲಗಿಸಿದ್ದ. ನಲ್ಲಿಯಲ್ಲಿ ಕೊಳಚೆ ಬರತೊಡಗಿತು. ದೂರು ಕೊಟ್ಟವರ ನಲ್ಲಿ ಮಾರನೆಯ ದಿನವೇ ಒಣಗುತ್ತಿತ್ತು; ಹಾಗಾಗಿ ದೂರುಗಳೂ ಒಣಗಿದವು. ವೆಂಕಟರಾಯಪ್ಪನವರು ಮುಖಪುಟದಲ್ಲೇ ಬರೆದರು. ಪತ್ರಿಕೆ ಅಚ್ಚಾಗುತ್ತಿದ್ದ ಚಿಂತಾಮಣಿಯ ಪ್ರೆಸ್ಸಿನವರು ಹೇಳಿಕಳಿಸಿದರು: ಗುತ್ತಿಗೆದಾರರು ನಮಗೆ ಬೇಕಾದವರು, ಕ್ಷಮಾಪಣೆ ಹಾಕಿದರೆ ಮುಂದಿನ ಸಂಚಿಕೆ ಅಚ್ಚಾಗುತ್ತದೆ, ಇಲ್ಲವಾದರೆ ಇಲ್ಲ. ಬೇರೆ ಪ್ರೆಸ್ಸುಗಳೂ ಕೈಯೆತ್ತಿಬಿಟ್ಟವು.

“ಎರಡು ಸಾಲು ಹಾಕಿಬಿಡಿ, ಸಣ್ಣಕ್ಷರದಲ್ಲಿ,” ಎಂದೆ. ನನಗೆ ಪತ್ರಿಕೆ ಉಳಿಯಬೇಕಿತ್ತು.

“ಪೇಪರ್ ಇಲ್ದೇ ಇರ್ತೀನಿ ಮೇಷ್ಟ್ರೇ. ಸುಳ್ಳುಸುಳ್ಳೇ ತಪ್ಪಾಯ್ತು ಅನ್ನೋ ಪೇಪರ್ ಇಟ್ಕೊಂಡು ಏನ್ಮಾಡ್ಲಿ, ಬೋಂಡ ಕಟ್ಲಾ?”

ಅಂದೇ ಎಲ್ಲರಿಗೂ ಮೆಸೇಜು ಹೋಯಿತು. ಇಂಗ್ಲಿಷ್ ಅಕ್ಷರ ಓದಲು ಬಾರದವರಿಗಾಗಿ ಟೈಲರ್ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದಲ್ಲೂ ಬರೆದರು: “ನಲ್ಲಿಯಲ್ಲಿ ಕೊಳಚೆ ಬಂದವರು ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ. ಹೆಸರು ಬೇಡ. ನಾವು ಎತ್ತುವುದಿಲ್ಲ.”

ಮಾರನೆಯ ಬೆಳಿಗ್ಗೆ ಗುತ್ತಿಗೆದಾರ, ಸಂಪಾದಕರು ಸಹಿ ಹಾಕಬೇಕಾದ ಕ್ಷಮಾಪಣೆಯನ್ನು ತಾನೇ ಟೈಪು ಮಾಡಿಸಿಕೊಂಡು ಮೆಟ್ಟಿಲು ಹತ್ತಿದ. ಸಾಕ್ಷಿಗೆಂದು ಪುರಸಭೆಯ ನೀರಿನ ಇಂಜಿನಿಯರನ್ನೂ ಕರೆತಂದಿದ್ದ. ವೆಂಕಟರಾಯಪ್ಪನವರು ಆ ಕಾಗದವನ್ನು ಮರ್ಯಾದೆಯಿಂದ ತೆಗೆದುಕೊಂಡು ಅದರ ಮೇಲೆ ಟೀ ಲೋಟ ಇಟ್ಟರು.

“ಒಬ್ಬನಾದ್ರೂ ಕಂಪ್ಲೇಂಟ್ ಕೊಟ್ಟಿದಾನೇನ್ರೀ?” ಎಂದ ಗುತ್ತಿಗೆದಾರ.

ಫೋನು ಹೊಡೆಯಿತು. ನಿಂತಿತು. ಮತ್ತೆ ಹೊಡೆಯಿತು, ನಿಂತಿತು. ಟೀ ಆರುವವರೆಗೂ ಅದೇ ಕಥೆ.

“ಸ್ನೇಹಿತರ ಕೈಲಿ ಹೊಡೆಸ್ತಿದಾರೆ ಸಾರ್ ಇವರು!” ಎಂದ ಗುತ್ತಿಗೆದಾರ, ಇಂಜಿನಿಯರ ಕಡೆ ತಿರುಗಿ.

“ಇಷ್ಟು ಜನ ಸ್ನೇಹಿತರಿದ್ದಿದ್ರೆ ನಾನು ಎಲೆಕ್ಷನ್ನಿಗೇ ನಿಲ್ತಿದ್ದೆ ಸ್ವಾಮಿ.”

ಇಂಜಿನಿಯರಿಗೆ ತಡೆಯಲಾಗಲಿಲ್ಲ. ಮುಂದಿನ ರಿಂಗು ಬಂದೊಡನೆ ತಾವೇ ಎತ್ತಿ “ಹಲೋ” ಎಂದರು. ಹೆಂಗಸೊಬ್ಬಳ ದನಿ ಕೋಣೆಯಿಡೀ ಕೇಳುವಂತೆ ಮೊಳಗಿತು: “ಯಾಕಣ್ಣಾ ಎತ್ತಿದ್ರಿ? ಎತ್ತಲ್ಲ ಅಂತ ಹಲಗೆ ಮೇಲೆ ಬರ್ದಿಲ್ವಾ? ನನ್ ಕರೆನ್ಸಿ ಹೋಯ್ತು! ನಲ್ಲಿ ನೀರೂ ನಾರ್ತದೆ, ನಿಮ್ ಮಾತೂ ಹಂಗೇನಾ?”

ಇಂಜಿನಿಯರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು. “ತಪ್ಪಾಯ್ತಮ್ಮ” ಎಂದು ಅವರು ಹೇಳಿದ್ದು ಕಟ್ ಆದ ಮೇಲೆ. ಆ ಕೋಣೆಯಲ್ಲಿ ಅಂದು ಕೇಳಿಬಂದ ಕ್ಷಮಾಪಣೆ ಅದೊಂದೇ. ಆಮೇಲೆ ಎದ್ದು, “ನಡೀರಿ, ನಲ್ಲಿ ನೋಡೋಣ” ಎಂದರು.

ನಾನು ವೆಂಕಟರಾಯಪ್ಪನವರನ್ನು ಕಡೆಯ ಸಲ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಜೇಬಿನಲ್ಲಿ ಫೋನು ಒಮ್ಮೆ ಹೊಡೆದು ಸುಮ್ಮನಾಯಿತು. ನಂಬರು ನೋಡಿ, “ದಿಬ್ಬೂರಹಳ್ಳಿ ಬಸ್ಸು ಕೆಟ್ಟು ನಿಂತಿದೆ ಮೇಷ್ಟ್ರೇ, ಆಟೋ ಹಿಡೀರಿ” ಎಂದರು.

“ಎತ್ತದೇ ಹೇಗೆ ಗೊತ್ತಾಯ್ತು?”

“ಈ ಹೊತ್ತಲ್ಲಿ ಆ ಬಸ್ಸಿನ ಕಂಡಕ್ಟರು ನನ್ನ ಯೋಗಕ್ಷೇಮ ವಿಚಾರಿಸ್ತಾನೇನಪ್ಪ?”

ಅದರ ಮರುವರ್ಷ ಅವರು ತೀರಿಕೊಂಡರು. ಅಷ್ಟರೊಳಗೆ ಇಂಜಿನಿಯರು ಪೈಪನ್ನು ಚರಂಡಿಯಿಂದ ತೆಗೆಸಿ ರಸ್ತೆಯ ಇನ್ನೊಂದು ಬದಿಗೆ ಹಾಕಿಸಿದ್ದರು. ಪತ್ರಿಕೆ ಮತ್ತೆ ಅಚ್ಚಾಗಲಿಲ್ಲ.