ತೂಕದ ಕಣದಲ್ಲಿ ಹಾಕಿದ ಕುರ್ಚಿ

ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಆಮೇಲೆ ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಮುದುಕಿಯಾಗುವ ತನಕ ಕಾಫಿಹಣ್ಣು ಕೊಯ್ದೆ. ಮಗಳ ಮಗಳು ಎಂ.ಎಸ್ಸಿ. ಸೇರಿ, ದುಡಿಯುವವರ ಮನಸ್ಸಿನ ಆರೋಗ್ಯದ ಬಗ್ಗೆ ಓದುತ್ತೇನೆ ಎಂದಾಗ ನನಗೆ ನಗು ಬಂತು.

"ಮನಸ್ಸು ನೋಡ್ಕೊಳೋಕೆ ನಮ್ಗೆಲ್ಲಿದೆ ಮಾರಾಯ್ತಿ ಪುರ್ಸೊತ್ತು? ಸೊಂಟದ ಬಗ್ಗೆ ಓದು, ಪ್ರಯೋಜ್ನಕ್ಕಾದ್ರೂ ಬರುತ್ತೆ."

ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ನಮ್ಮ ಎಸ್ಟೇಟನ್ನೇ ಆರಿಸಿಕೊಂಡಳು. ಕೊಯ್ಲಿನ ಕಾಲ. ಸಂಜೆ ಹೆಂಗಸರೆಲ್ಲ ಹಣ್ಣಿನ ಚೀಲ ಹೊತ್ತು ತೂಕಕ್ಕೆ ಕಣಕ್ಕೆ ಬರುತ್ತಾರಲ್ಲ, ಅಲ್ಲೇ, ತೂಕ ಬರೆದುಕೊಳ್ಳುವ ರೈಟರ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡಳು. ಕೆಲಸದಲ್ಲಿ ಹೆದರಿಕೆ ಎಷ್ಟು, ಬೇಸರ ಎಷ್ಟು, ಒಂದರಿಂದ ಐದರೊಳಗೆ ಹೇಳಿ ಎಂದು ಒಬ್ಬೊಬ್ಬರನ್ನೇ ಕೇಳಿ ಗುರುತು ಹಾಕಿದಳು.

ನಾಲ್ಕು ಸಂಜೆಗೆ ಹಾಳೆಗಳೆಲ್ಲ ತುಂಬಿದವು. ಎಲ್ಲರದ್ದೂ ಒಂದೇ ಉತ್ತರ: ಒಂದು. ಹೆದರಿಕೆ ಇಲ್ಲ, ಬೇಸರ ಇಲ್ಲ.

ಕಣದಲ್ಲಿ ಹಾಳೆ ಹಿಡಿದು ಕೂತವರು ನಮ್ಮ ಲೆಕ್ಕಕ್ಕೆ ಆಫೀಸಿನವರೇ. ಸಾಲಿನ ಮುಂದಿರುವ ಹಿರಿಯಳು ಆಫೀಸಿನವರಿಗೆ ಏನು ಹೇಳುತ್ತಾಳೋ ಹಿಂದಿನವರೂ ಅದನ್ನೇ ಹೇಳುವುದು ರೂಢಿ. ಕುರ್ಚಿ ಹಾಕುವಾಗಲೇ ನಾನು ಹೇಳಬಹುದಿತ್ತು. ಓದಿದವಳಿಗೆ ಬುದ್ಧಿ ಹೇಳುವುದೇಕೆಂದು ಸುಮ್ಮನಿದ್ದೆ.

ಎಲ್ಲ ಹಾಳೆಯಲ್ಲೂ ಒಂದೇ ಅಂಕಿ ನೋಡಿ ಅವಳೇ ಕಂಡುಕೊಂಡಳು. ಪೇಟೆಯಿಂದ ಕಾಲೇಜಿನ ಮೇಷ್ಟರಿಗೆ ಫೋನ್ ಮಾಡಿ ಬಂದವಳ ಮುಖ ಸಪ್ಪಗಿತ್ತು.

"ಸರ್ ಇಷ್ಟು ಸಾಕು, ಬರ್ದು ಕೊಡು ಅಂದ್ರು."

"ಮತ್ತೇನು? ಕೊಟ್ಟು ಪಾಸಾಗು."

"ಇದು ಸುಳ್ಳು ಅಜ್ಜಿ. ಅಲ್ಲಿ ಕೂತು ನಾನೇ ಹೇಳ್ಸಿರೋ ಸುಳ್ಳು. ಹೊಸ್ದಾಗಿ ಮಾಡಿದ್ರೆ ಈ ಸಲ ಪರೀಕ್ಷೆ ಸಿಗಲ್ಲ. ಜೊತೆಯವ್ರೆಲ್ಲ ಮುಂದೆ ಹೋಗ್ತಾರೆ."

ಮಾರನೆಯ ದಿನ ನನ್ನ ಹಳೇ ತುಂಬುತೋಳಿನ ಶರ್ಟು ತೊಟ್ಟು, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಕೊಯ್ಲಿನ ಸಾಲಿಗೆ ನಿಂತಳು. ಕೆಂಪಿರುವೆ ಕಚ್ಚಿತು. ಹಸಿರು ಕಾಯಿ ಕಿತ್ತು ಮೇಸ್ತ್ರಿಯ ಕೈಲಿ ಬೈಸಿಕೊಂಡಳು.

"ನಿನ್ ಅಜ್ಜಿ ಕೈ ಹಾಕಿದ್ರೆ ಗಿಡನೇ ಹೆದ್ರಿ ಹಣ್ಣು ಉದುರ್ಸ್ತಿತ್ತು. ನೀನು ಗಿಡಕ್ಕೆ ತಲೆ ಬಾಚ್ತಿದೀಯ," ಎಂದಳು ಪಕ್ಕದ ಸಾಲಿನವಳು.

ತೂಕಕ್ಕೆ ಮೊದಲು ಹಣ್ಣನ್ನು ಗೋಣಿಯ ಮೇಲೆ ಸುರಿದು, ಸುತ್ತ ಕೂತು ಕಾಯಿ ಆರಿಸುವುದುಂಟು. ಆಗ ಕೈಗೆ ಕೆಲಸ, ಬಾಯಿಗೆ ಬಿಡುವು. ಅವಳು ಅಲ್ಲಿ ಏನೂ ಕೇಳದೆ ಕಾಯಿ ಆರಿಸಿದಳು. ಎರಡು ವಾರ ಯಾರೂ ಬಾಯಿಬಿಡಲಿಲ್ಲ. ಮೂರನೆಯ ವಾರ ತಾವಾಗಿ ಹೇಳಿದರು. ಸೊಂಟನೋವಲ್ಲ, ಮಳೆಯಲ್ಲ. ತಕ್ಕಡಿಯ ಹತ್ತಿರ ರೈಟರು, ಎಲ್ಲರಿಗಿಂತ ಕಡಿಮೆ ಕೊಯ್ದವಳ ಹೆಸರನ್ನು ಕೂಗಿ ಹೇಳುತ್ತಾರಲ್ಲ, ಅದಕ್ಕೆ ಮಧ್ಯಾಹ್ನದಿಂದಲೇ ಹೆದರಿಕೆ ಶುರುವಾಗುತ್ತದಂತೆ.

"ನಿಂಗೂ ಹಂಗಾಗ್ತಿತ್ತಾ ಅಜ್ಜಿ?" ಎಂದಳು ರಾತ್ರಿ ಮನೆಯಲ್ಲಿ.

"ಇಲ್ಲ," ಎಂದೆ.

ಅವಳು ಮತ್ತೆ ಕೇಳಲಿಲ್ಲ. ಹುರುಳಿಕಾಯಿ ಮುರಿಯುತ್ತಾ ಕೂತಳು. ಅರ್ಧ ಮೊರ ಆಗುವಷ್ಟರಲ್ಲಿ ನಾನು ಹೇಳಿಬಿಟ್ಟೆ. ಒಂದು ವರ್ಷ ಜ್ವರದಲ್ಲಿ ಕೊಯ್ಯಲಾಗದೆ, ಹೆಸರು ಕೂಗುತ್ತಾರೆಂದು ಹೆದರಿ, ಕಾಯಿ ಆರಿಸಿ ಮತ್ತೆ ತುಂಬುವಾಗ ಚೀಲದಲ್ಲಿ ಕಲ್ಲು ಇಟ್ಟಿದ್ದೆ. ಅದು ಹಣ್ಣು ಸುಲಿಯುವ ಪಲ್ಪರಿಗೆ ಸಿಕ್ಕಿ ಮೆಷಿನ್ನು ನಿಂತಿತು. ಇಡೀ ಸಾಲು ಬೈಸಿಕೊಂಡಿತು. ನಾನೂ ಅವರ ಜೊತೆ ತಲೆ ತಗ್ಗಿಸಿ ನಿಂತಿದ್ದೆ. ನನ್ನ ಗಂಡನಿಗೂ ಹೇಳಿರಲಿಲ್ಲ.

"ಬರ್ಕೊಳ್ಲಾ?"

"ಬರ್ಕೋ. ಹೆಸ್ರು ಹಾಕ್ಬೇಡ."

ಜೊತೆಯವರಿಗಿಂತ ಆರು ತಿಂಗಳು ತಡವಾಗಿ ಪಾಸಾದಳು. ಪ್ರಬಂಧ ಇಂಗ್ಲಿಷಿನಲ್ಲಿದೆ, ಅವಳೇ ಓದಿ ಹೇಳಿದಳು. ಹೆಸರಿನ ಬದಲು ನಂಬರು ಹಾಕಿದ್ದಾಳೆ, ನಾನು ಅದರಲ್ಲಿ ಹದಿನೇಳನೆಯವಳು. ನನ್ನ ಕಲ್ಲು ನಡುವೆ ಎಲ್ಲೋ ಬರುತ್ತದೆ. ಮೊದಲನೇ ಅಧ್ಯಾಯದಲ್ಲಿರುವುದು ಅವಳ ಕುರ್ಚಿ: ಎಲ್ಲಿ ಹಾಕಿದೆ, ಯಾಕೆ ತಪ್ಪಾಯಿತು, ಎಷ್ಟು ಹಾಳೆ ಕೆಟ್ಟವು, ಎಲ್ಲ ಬರೆದಿದ್ದಾಳೆ. ನನ್ನ ತಪ್ಪನ್ನು ನಾನು ಮೂವತ್ತು ವರ್ಷ ಮುಚ್ಚಿಟ್ಟಿದ್ದೆ. ಅವಳು ತನ್ನದನ್ನು ಮೊದಲ ಪುಟಕ್ಕೇ ಇಟ್ಟಳು.